ಮೂರು ಲಕ್ಷ ವರ್ಷ ಮನುಷ್ಯ ಏನು ಮಾಡುತ್ತಿದ್ದ?

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಸಮಾಜ ವಿಜ್ಞಾನ ಓದುತ್ತಾ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಹೊಳೆಯಲಿಲ್ಲ. ನಮ್ಮಂಥ ಮನುಷ್ಯರು ಹುಟ್ಟಿ ಮೂರು ಲಕ್ಷ ವರ್ಷ ಆಯಿತು ಅಂತಾರೆ. ಆದರೆ ಪಟ್ಟಣ, ಲಿಪಿ, ರಾಜರು ಇವೆಲ್ಲ ಬಂದು ಬರೀ ಐದು ಸಾವಿರ ವರ್ಷ. ಉಳಿದ ಅಷ್ಟೂ ಕಾಲ ಅವರು ಏನು ಮಾಡುತ್ತಿದ್ದರು? ಅವರಿಗೆ ನಮ್ಮಷ್ಟು ಬುದ್ಧಿ ಇರಲಿಲ್ವಾ? ಬೇಸಾಯ ಕಂಡುಹಿಡಿದವರು ಯಾರು? (ಒಬ್ಬ ಓದುಗರು, ದಾವಣಗೆರೆ)

ಉತ್ತರ: ಮೊದಲು ಬುದ್ಧಿಯ ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ಆ ಅನುಮಾನ ಮನಸ್ಸಲ್ಲಿ ಉಳಿದರೆ ಮುಂದಿನದೆಲ್ಲ ತಪ್ಪಾಗಿ ಕಾಣುತ್ತದೆ.

ಪಾಠದಲ್ಲಿರುವ ಮೂರು ಲಕ್ಷ ಅನ್ನುವ ಅಂಕಿ ಮೊರಾಕ್ಕೊ ದೇಶದ ಜೆಬೆಲ್ ಇರ್ಹೂದ್ ಎಂಬ ಜಾಗದಿಂದ ಬಂದದ್ದು. ಅಲ್ಲಿ ಸಿಕ್ಕ ತಲೆಬುರುಡೆಗಳು ಸುಮಾರು 3 ಲಕ್ಷ ವರ್ಷ ಹಳೆಯವು ಅಂತ 2017ರಲ್ಲಿ ಪ್ರಕಟವಾಯಿತು. ಆ ಬುರುಡೆಗಳ ಮುಖ ಹೆಚ್ಚುಕಡಿಮೆ ನಮ್ಮ ಮುಖವೇ. ಹಿಂಭಾಗ ಮಾತ್ರ ಉದ್ದಕ್ಕಿದೆ, ನಮ್ಮ ಹಾಗೆ ದುಂಡಗಿಲ್ಲ. ಮಿದುಳಿನ ಆಕಾರ ಆಮೇಲೆ ನಿಧಾನವಾಗಿ ದುಂಡಗಾಗುತ್ತಾ ಬಂತು. ಹಾಗಾಗಿ ಆ ಮೊದಲಿನವರು ಎಲ್ಲದರಲ್ಲೂ ನಮ್ಮಂತೆಯೇ ಯೋಚಿಸುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಲಕ್ಷ ವರ್ಷದ ಈಚಿನವರ ಬಗ್ಗೆ ಧೈರ್ಯವಾಗಿ ಹೇಳುತ್ತೇನೆ. ಅವರ ಮಗುವನ್ನು ತಂದು ನಿಮ್ಮ ಮಗಳ ಪಕ್ಕದ ಬೆಂಚಿನಲ್ಲಿ ಕೂರಿಸಿದರೆ ಅದು ಕನ್ನಡ ಕಲಿಯುತ್ತದೆ, ಮಗ್ಗಿ ಹೇಳುತ್ತದೆ.

ಯಾವ ಆಧಾರದ ಮೇಲೆ ಈ ಮಾತು? ದಕ್ಷಿಣ ಆಫ್ರಿಕಾದ ಕಡಲ ದಂಡೆಯಲ್ಲಿ ಬ್ಲೊಂಬೊಸ್ ಅಂತ ಒಂದು ಗುಹೆ ಇದೆ. ಅಲ್ಲಿ 1 ಲಕ್ಷ ವರ್ಷ ಹಳೆಯ ಎರಡು ದೊಡ್ಡ ಕಡಲ ಚಿಪ್ಪುಗಳು ಸಿಕ್ಕವು. ಒಳಗೆ ಬಣ್ಣ ಅಂಟಿತ್ತು. ಯಾರೋ ಕಾವಿಕಲ್ಲನ್ನು ಉಜ್ಜಿ ಪುಡಿ ಮಾಡಿದ್ದರು. ಪ್ರಾಣಿಯ ಮೂಳೆ ಕಾಯಿಸಿ ಜಜ್ಜಿ ಕೊಬ್ಬು ತೆಗೆದಿದ್ದರು. ಅದಕ್ಕೆ ಇದ್ದಿಲು ಬೆರೆಸಿ, ನೀರಿನಂಥದ್ದೇನೋ ಸೇರಿಸಿ, ಚಿಪ್ಪಿನೊಳಗೆ ಮೆಲ್ಲಗೆ ಕಲಸಿದ್ದರು. ಕಲಸಿದ ಗುರುತು ಚಿಪ್ಪಿನ ಒಳಮೈಯಲ್ಲಿ ಇವತ್ತಿಗೂ ಇದೆ. ಈ ಕೆಲಸ ಮಾಡಬೇಕಾದರೆ ನಾಲ್ಕು ಸಾಮಾನು ನಾಲ್ಕು ಕಡೆಯಿಂದ ತರಬೇಕು, ಯಾವುದು ಮೊದಲು ಯಾವುದು ಆಮೇಲೆ ಅಂತ ನೆನಪಿಡಬೇಕು, ನಾಳೆಗೆ ಬೇಕು ಅಂತ ಇವತ್ತು ಮಾಡಿಡಬೇಕು. ಅಡುಗೆ ಮಾಡುವವರಿಗೆ ಈ ಬುದ್ಧಿ ಎಂಥದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಗುಹೆಯ ಸುಮಾರು 75 ಸಾವಿರ ವರ್ಷ ಹಿಂದಿನ ಪದರದಲ್ಲಿ ಕಾವಿಕಲ್ಲಿನ ಮೇಲೆ ಅಡ್ಡಡ್ಡ ಗೀರಿ ಬಿಡಿಸಿದ ವಿನ್ಯಾಸವೂ ಸಿಕ್ಕಿದೆ.

ಬುದ್ಧಿ ಇತ್ತು. ಹಾಗಾದರೆ ತಡ ಆದದ್ದು ಯಾಕೆ?

ನನ್ನ ಉತ್ತರ ಎರಡು ಮಾತಿನದ್ದು. ಹವೆ ನಿಲ್ಲಬೇಕಿತ್ತು, ಕೂಡಿಡಬಹುದಾದ ಆಹಾರ ಬೇಕಿತ್ತು. ಉಳಿದದ್ದೆಲ್ಲ ಇದರ ಹಿಂದೆಯೇ ಬಂತು.

ಹವೆಯ ಮಾತು ಮೊದಲು. ಗ್ರೀನ್‌ಲ್ಯಾಂಡಿನಲ್ಲಿ ಮೂರು ಕಿಲೋಮೀಟರ್ ದಪ್ಪದ ಮಂಜು ಕೂತಿದೆ. ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಪದರವಾಗಿ ಗಟ್ಟಿಯಾದದ್ದು ಅದು. ಬೋರ್‌ವೆಲ್ ಕೊರೆದ ಹಾಗೆ ಕೊರೆದು ಆ ಮಂಜಿನ ಕಂಬ ಹೊರಗೆ ತೆಗೆದರೆ ಹಳೆಯ ಕಾಲದ ಚಳಿ ಬಿಸಿಲಿನ ದಾಖಲೆ ಸಿಗುತ್ತದೆ. ಆ ದಾಖಲೆ ನೋಡಿದರೆ ಹಿಮಯುಗ ಬರೀ ಚಳಿಯ ಕಾಲ ಆಗಿರಲಿಲ್ಲ ಅಂತ ಗೊತ್ತಾಗುತ್ತದೆ. ಅದು ತೀರಾ ಚಂಚಲವಾದ ಕಾಲ. ಗ್ರೀನ್‌ಲ್ಯಾಂಡಿನ ಉಷ್ಣತೆ ಕೆಲವೇ ದಶಕಗಳಲ್ಲಿ 10 ಡಿಗ್ರಿಯಷ್ಟು ಏರಿದ ಪ್ರಸಂಗಗಳಿವೆ. ಒಂದು ಸಲ ಅಲ್ಲ, ಇಪ್ಪತ್ತಕ್ಕೂ ಜಾಸ್ತಿ ಸಲ. ಅದರ ಜೊತೆಗೆ ದೂರದ ದೇಶಗಳಲ್ಲೂ ಮಳೆಯ ದಾರಿ ಬದಲಾಗುತ್ತಿತ್ತು.

ಬೇಸಾಯ ಅಂದರೆ ಏನು? ಹೋದ ವರ್ಷದ ಕಾಳನ್ನು ಹೊಟ್ಟೆಗೆ ಹಾಕಿಕೊಳ್ಳದೆ ಎತ್ತಿಟ್ಟು, ಈ ವರ್ಷವೂ ಹೆಚ್ಚುಕಡಿಮೆ ಹೋದ ವರ್ಷದ ಹಾಗೇ ಇರುತ್ತದೆ ಅನ್ನುವ ನಂಬಿಕೆಯ ಮೇಲೆ ಮಣ್ಣಿಗೆ ಹಾಕುವುದು. ಮಳೆ ಎರಡು ವಾರ ಹಿಂದೆಮುಂದೆ ಆದರೇ ರೈತರ ಪಾಡು ಏನಾಗುತ್ತದೆ ಅಂತ ದಾವಣಗೆರೆಯವರಾದ ನಿಮಗೆ ಗೊತ್ತಿದೆ. ಅಜ್ಜನ ಕಾಲದ ಹವೆಗೂ ಮೊಮ್ಮಗನ ಕಾಲದ ಹವೆಗೂ ಅಷ್ಟು ವ್ಯತ್ಯಾಸ ಇರುವ ಕಾಲದಲ್ಲಿ ಒಂದೇ ಜಾಗ, ಒಂದೇ ಬೆಳೆ ನೆಚ್ಚಿಕೊಂಡು ಕೂತವರು ಬದುಕುತ್ತಿರಲಿಲ್ಲ. ಹತ್ತು ಬಗೆಯ ಆಹಾರ ಗೊತ್ತಿದ್ದು, ಎದ್ದು ನಡೆಯಲು ಕಾಲು ಗಟ್ಟಿ ಇದ್ದವರು ಬದುಕಿದರು. ಬೇಟೆ, ಗೆಡ್ಡೆ, ಹಣ್ಣು, ಮೀನು ಅಂತ ಅಲೆದಾಡುವುದೇ ಆಗಿನ ಜಾಣತನ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಕಡಿಮೆ ಇತ್ತು. ಹಿಮಯುಗದ ಕಡು ಚಳಿಯ ಹೊತ್ತಿಗೆ ಹತ್ತು ಲಕ್ಷಕ್ಕೆ ಸುಮಾರು 190 ಪಾಲು, ಆಮೇಲೆ 260ರ ಮೇಲೆ. ಗಿಡಗಳಿಗೆ ಅದೇ ಊಟ ಅಲ್ವಾ? ಊಟ ಕಮ್ಮಿ ಆದರೆ ಇಳುವರಿಯೂ ಕಮ್ಮಿ.

ಸುಮಾರು 11,700 ವರ್ಷದ ಹಿಂದೆ ಹಿಮಯುಗ ಮುಗಿಯಿತು. ಅಲ್ಲಿಂದ ಈಚೆಗೆ ಮಂಜಿನ ದಾಖಲೆಯ ಗೆರೆ ಏರಿಳಿತ ಕಡಿಮೆಯಾಗಿ ಹೆಚ್ಚುಕಡಿಮೆ ನೇರ ಓಡುತ್ತದೆ. ನಮ್ಮ ಎಲ್ಲ ಊರು, ಎಲ್ಲ ಗುಡಿ, ಎಲ್ಲ ರಾಜ್ಯ, ಎಲ್ಲ ಭಾಷೆಯ ಬರಹ ಹುಟ್ಟಿದ್ದು ಆ ನೇರ ಗೆರೆಯ ಮೇಲೆ. ನಾನು ಮೊದಲ ಸಲ ಆ ಚಿತ್ರ ನೋಡಿದಾಗ ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಹಾಗಂತ ಅದಕ್ಕೂ ಮುಂಚೆ ಅವರಿಗೆ ಕಾಳಿನ ಬಗ್ಗೆ ಏನೂ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಇಸ್ರೇಲಿನ ಗಲಿಲಿ ಸರೋವರದ ನೀರು 1989ರಲ್ಲಿ ತುಂಬ ತಗ್ಗಿದಾಗ ದಂಡೆಯ ಕೆಸರಿನಲ್ಲಿ ಒಂದು ಹಳೆಯ ಬಿಡಾರ ಕಾಣಿಸಿತು. ಹೆಸರು ಒಹಾಲೊ. ವಯಸ್ಸು 23 ಸಾವಿರ ವರ್ಷ. ನೀರಿನಡಿ ಇದ್ದದ್ದರಿಂದ ಹುಲ್ಲು, ಕಾಳು, ಕೊಂಬೆ ಎಲ್ಲ ಉಳಿದಿತ್ತು. ಕೊಂಬೆಯ ಗುಡಿಸಲುಗಳು, ಮಲಗಲು ಹಾಸಿದ ಹುಲ್ಲು, ಕಾಳು ಅರೆದ ಕಲ್ಲು. ಆ ಕಲ್ಲಿನ ಸಂದಿನಲ್ಲಿ ಕಾಡು ಜವೆಗೋಧಿಯ (ಬಾರ್ಲಿ) ಹಿಟ್ಟಿನ ಕಣಗಳು ಸಿಕ್ಕವು. ಅಂದರೆ ಕಡು ಹಿಮಯುಗದಲ್ಲೇ ಅವರು ಕಾಳು ಆರಿಸಿ ಹಿಟ್ಟು ಮಾಡುತ್ತಿದ್ದರು. ಜೋರ್ಡಾನಿನಲ್ಲಿ 14 ಸಾವಿರ ವರ್ಷ ಹಳೆಯ ಒಲೆಯಲ್ಲಿ ಸುಟ್ಟ ರೊಟ್ಟಿಯ ಚೂರುಗಳೂ ಸಿಕ್ಕಿವೆ. ಬೇಸಾಯಕ್ಕಿಂತ ರೊಟ್ಟಿ ಹಳೆಯದು.

ಈಗ ನಿಮ್ಮ ಮಗಳ ಇನ್ನೊಂದು ಪ್ರಶ್ನೆ. ಬೇಸಾಯ ಕಂಡುಹಿಡಿದದ್ದು ಯಾರು? ಇದರ ಉತ್ತರ ನನಗೆ ಬಹಳ ಇಷ್ಟ. ಒಂದು ತೆನೆಯನ್ನು ಕಣ್ಣೆದುರು ಇಟ್ಟುಕೊಂಡೇ ಹೇಳುತ್ತೇನೆ.

ಎಳ್ಳು ಬೆಳೆದವರನ್ನು ಕೇಳಿ. ಕಾಯಿ ಪೂರ್ತಿ ಒಣಗುವ ತನಕ ಕಾಯುವ ಹಾಗಿಲ್ಲ. ಒಣಗಿದರೆ ಬಾಯಿ ಬಿಟ್ಟು ಕಾಳೆಲ್ಲ ನೆಲದ ಪಾಲು. ಅದಕ್ಕೇ ಸ್ವಲ್ಪ ಮೊದಲೇ ಕೊಯ್ದು, ಸಿವುಡು ಕಟ್ಟಿ ನೆಟ್ಟಗೆ ನಿಲ್ಲಿಸುತ್ತಾರೆ. ಗಿಡದ ಕಡೆಯಿಂದ ನೋಡಿದರೆ ಉದುರುವುದೇ ಸರಿ. ಕಾಳು ನೆಲಕ್ಕೆ ಬಿದ್ದರೆ ತಾನೇ ಮುಂದಿನ ಮಳೆಗೆ ಮೊಳೆಯುವುದು? ಕಾಡು ಗೋಧಿ, ಕಾಡು ಜವೆಗೋಧಿ ಎರಡೂ ಹೀಗೆಯೇ. ತೆನೆ ಹಣ್ಣಾದ ಕೂಡಲೇ ಗಾಳಿಗೆ ಗಿಣ್ಣು ಗಿಣ್ಣು ಕಳಚಿ ಉದುರುತ್ತದೆ.

ಆದರೆ ಸಾವಿರಾರು ಗಿಡದಲ್ಲಿ ಎಲ್ಲೋ ಒಂದು ಗಿಡ ಹುಟ್ಟಾ ಕೆಟ್ಟಿರುತ್ತದೆ. ಅದರ ತೆನೆ ಉದುರುವುದಿಲ್ಲ. ಕಾಡಿನಲ್ಲಿ ಆ ಗಿಡಕ್ಕೆ ಸಂತಾನ ಇಲ್ಲ, ತೆನೆ ಗಿಡದಲ್ಲೇ ಒಣಗಿ ಹಕ್ಕಿಯ ಪಾಲಾಗುತ್ತದೆ. ಈಗ ಕುಡುಗೋಲು ಹಿಡಿದ ಒಬ್ಬ ಹೆಂಗಸು ಆ ಬಯಲಿಗೆ ಬಂದಳು ಅಂತಿಟ್ಟುಕೊಳ್ಳಿ. ಅವಳು ದಂಟು ಹಿಡಿದು ಕುಯ್ಯುವಾಗ ಅಲುಗಾಟಕ್ಕೆ ಉದುರುವ ತೆನೆಯ ಕಾಳು ಅರ್ಧ ನೆಲಕ್ಕೆ ಹೋಗುತ್ತದೆ. ಉದುರದ ತೆನೆ ಪೂರ್ತಿ ಅವಳ ಬುಟ್ಟಿಗೆ ಬೀಳುತ್ತದೆ. ಆ ಬುಟ್ಟಿಯ ಕಾಳನ್ನೇ ಅವಳು ಮುಂದಿನ ವರ್ಷ ಬೇರೆ ಹಸನಾದ ಜಾಗದಲ್ಲಿ ಚೆಲ್ಲಿದರೆ, ಉದುರದ ಗಿಡಗಳು ಒಂದು ಪಾಲು ಹೆಚ್ಚುತ್ತವೆ. ಮುಂದಿನ ವರ್ಷ ಇನ್ನೂ ಸ್ವಲ್ಪ. ಅವಳು ಆರಿಸಲಿಲ್ಲ, ಯೋಜನೆ ಹಾಕಲಿಲ್ಲ. ಅವಳ ಕುಡುಗೋಲು ಆರಿಸಿತು. ಕಾಡಿನಲ್ಲಿ ಬಾಳದ ಗಿಡ ಮನುಷ್ಯರ ಕೈಯಲ್ಲಿ ಬಾಳಿತು. ಕೊನೆಗೆ ಮನುಷ್ಯರು ಬಿತ್ತದೆ ಆ ಗಿಡ ಇಲ್ಲ, ಆ ಗಿಡ ಇಲ್ಲದೆ ಮನುಷ್ಯರಿಗೆ ಊಟ ಇಲ್ಲ, ಹಾಗಾಯಿತು.

ಇದು ಊಹೆ ಅಲ್ಲ, ಕಣ್ಣಿಗೆ ಕಾಣುವ ವಿಷಯ. ಹಳೆಯ ಒಲೆಗಳಲ್ಲಿ ಕರಕಲಾದ ತೆನೆಯ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾರೆ. ತಾನಾಗಿ ಕಳಚಿದ ಗಿಣ್ಣಿನ ಗಾಯ ನುಣ್ಣಗೆ, ಹಣ್ಣೆಲೆ ಉದುರಿದ ಜಾಗದ ಹಾಗೆ ಇರುತ್ತದೆ. ಉದುರದೆ ಒಕ್ಕಣೆಯಲ್ಲಿ ಬಡಿದು ಬಿಡಿಸಿದ್ದಾದರೆ ಹರಿದ ಹಾಗೆ ಒರಟಾಗಿರುತ್ತದೆ. ನುಣ್ಣನೆಯ ಗಾಯ ಎಷ್ಟು, ಒರಟು ಗಾಯ ಎಷ್ಟು ಅಂತ ಪದರ ಪದರಕ್ಕೂ ಎಣಿಸುತ್ತಾ ಬಂದರೆ ಬದಲಾವಣೆ ಎಷ್ಟು ನಿಧಾನವಾಗಿ ಆಯಿತು ಅನ್ನುವುದು ಕಾಣುತ್ತದೆ. ಎರಡು ಮೂರು ಸಾವಿರ ವರ್ಷ ಹಿಡಿಯಿತು. ನೂರಾರು ತಲೆಮಾರು. ಹಾಗಾಗಿ ಬೇಸಾಯವನ್ನು ಯಾರೂ ಒಂದು ದಿನ ಕಂಡುಹಿಡಿಯಲಿಲ್ಲ. ಬಹುಶಃ ತಾವು ಏನನ್ನಾದರೂ ಬದಲಿಸುತ್ತಿದ್ದೇವೆ ಅಂತ ಅವರಿಗೆ ಅನಿಸಿರಲೂ ಇಲ್ಲ.

ಇಷ್ಟೊಂದು ನಿಧಾನ ಯಾಕೆ? ಅವಸರ ಇರಲಿಲ್ಲ. 1966ರಲ್ಲಿ ಜ್ಯಾಕ್ ಹಾರ್ಲನ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ಟರ್ಕಿಯ ಪೂರ್ವ ಭಾಗದ ಬೆಟ್ಟಗಳಿಗೆ ಹೋಗಿ ಚಕಮಕಿ ಕಲ್ಲಿನ ಕುಡುಗೋಲಿನಿಂದ ಕಾಡು ಗೋಧಿ ಕೊಯ್ದು ನೋಡಿದರು. ಗಂಟೆಗೆ ಸುಮಾರು ಒಂದು ಕಿಲೋ ಹಸನಾದ ಕಾಳು ಸಿಕ್ಕಿತು. ಒಂದು ಕುಟುಂಬ ಮೂರು ವಾರ ಕೊಯ್ದರೆ ವರ್ಷಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಕಾಳು ಕೂಡಿಡಬಹುದು ಅಂತ ಅವರ ಲೆಕ್ಕ. ಬಿತ್ತದೆ, ಉಳದೆ, ಕಳೆ ಕೀಳದೆ ಇಷ್ಟು ಸಿಗುವಾಗ ಉಳುಮೆ ಯಾರಿಗೆ ಬೇಕಿತ್ತು?

ಆದರೆ ಆ ಮೂರು ವಾರದ ಕಾಳನ್ನು ಹೊತ್ತುಕೊಂಡು ಅಲೆಯಲು ಆಗುವುದಿಲ್ಲ. ಕೂಡಿಟ್ಟ ಜಾಗದ ಹತ್ತಿರವೇ ಇರಬೇಕು. ಹೀಗೆ ಕಾಳು ಮನುಷ್ಯರನ್ನು ಕೂರಿಸಿತು. ಜೋರ್ಡಾನಿನ ಧ್ರಾ ಎಂಬಲ್ಲಿ 11 ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಕಣಜಗಳು ಸಿಕ್ಕಿವೆ. ದುಂಡಗೆ, ಸುಮಾರು ಮೂರು ಮೀಟರ್ ಅಗಲ. ಒಳಗಿನ ನೆಲವನ್ನು ಕಲ್ಲಿನ ಆಸರೆ ಕೊಟ್ಟು ಎತ್ತರಿಸಿದ್ದರು, ಕೆಳಗೆ ಗಾಳಿ ಆಡಲಿ, ಥಂಡಿ ಏರದಿರಲಿ, ಇಲಿ ಬರದಿರಲಿ ಅಂತ. ಆಗಿನ್ನೂ ಆ ಜವೆಗೋಧಿ ಕಾಡು ಜವೆಗೋಧಿಯೇ. ಉತ್ತರ ಕರ್ನಾಟಕದಲ್ಲಿ ಹಗೇವು ನೋಡಿದ ಹಿರಿಯರಿಗೆ ಆ ಕಣಜದ ಚಿತ್ರ ತೋರಿಸಿದರೆ ಯಾಕೆ ಹಾಗೆ ಕಟ್ಟಿದ್ದರು ಅಂತ ಅವರೇ ಹೇಳುತ್ತಾರೆ. ನಮ್ಮ ಮನೆ ಇಲಿ ಮನುಷ್ಯರ ಜೊತೆ ಸೇರಿಕೊಂಡದ್ದೂ ಆ ಸೀಮೆಯ ಅಂಥ ಊರುಗಳಲ್ಲೇ. ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ 9,500 ವರ್ಷದ ಹಿಂದೆ ಒಬ್ಬ ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನು ಹೂತಿದ್ದಾರೆ.

ಒಂದು ಎಚ್ಚರ ಹೇಳಬೇಕು. ಹೊಟ್ಟೆ ತುಂಬಿದ ಮೇಲೆ ಗುಡಿ ಕಟ್ಟಿದರು ಅಂತ ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಟರ್ಕಿಯ ಗೊಬೆಕ್ಲಿ ತೆಪೆ ಅದನ್ನು ಅಲುಗಾಡಿಸಿತು. ಕ್ರಿ.ಪೂ. 9500ರ ಸುಮಾರಿನ ಜಾಗ ಅದು. ಐದು ಮೀಟರ್ ಮೀರಿದ ಕಲ್ಲಿನ ಕಂಬಗಳು, ಮೇಲೆ ನರಿ, ಹಾವು, ರಣಹದ್ದು, ಚೇಳುಗಳ ಕೆತ್ತನೆ. ಅಲ್ಲಿ ಸಿಕ್ಕ ಮೂಳೆಗಳೆಲ್ಲ ಬೇಟೆಯ ಪ್ರಾಣಿಗಳವು, ಕಾಳೂ ಕಾಡಿನದೇ. ಬೇಸಾಯ ಇಲ್ಲದವರೇ ನೂರಾರು ಜನ ಸೇರಿ ಆ ಕಂಬ ಎಬ್ಬಿಸಿದರು. ಜನ ಸೇರುವುದಕ್ಕೆ, ಕುಣಿಯುವುದಕ್ಕೆ, ದೊಡ್ಡದೇನನ್ನೋ ಕಟ್ಟುವುದಕ್ಕೆ ಬೇಸಾಯಕ್ಕಾಗಿ ಕಾಯಬೇಕಾಗಿರಲಿಲ್ಲ.

ಮತ್ತೆ ಬೇಸಾಯ ಬಂದಾಗ ಸುಖ ಬಂತಾ? ಇಲ್ಲ. ಇದನ್ನು ಮಗಳಿಗೆ ಖಂಡಿತ ಹೇಳಿ. ಸಿರಿಯಾದ ಅಬು ಹುರೇರಾ ಎಂಬ ಹಳ್ಳಿಯನ್ನು 1972–73ರಲ್ಲಿ ಅವಸರದಲ್ಲಿ ಅಗೆದರು, ಅಣೆಕಟ್ಟಿನ ನೀರು ಏರುತ್ತಿತ್ತು. ಈಗ ಅದು ಮುಳುಗಿಹೋಗಿದೆ. ಅಲ್ಲಿನ ಅಸ್ಥಿಪಂಜರಗಳಲ್ಲಿ, ಅದರಲ್ಲೂ ಹೆಂಗಸರವುಗಳಲ್ಲಿ, ಒಂದೇ ತರಹದ ಸವೆತ ಕಂಡಿತು. ಕಾಲಿನ ಹೆಬ್ಬೆರಳ ಕೀಲು ಸವೆದಿದೆ, ಮಂಡಿ ಕೆಟ್ಟಿದೆ, ಬೆನ್ನಿನ ಕೆಳಭಾಗದ ಮೂಳೆ ನವೆದಿದೆ. ಯಾಕೆ? ಮಂಡಿಯೂರಿ, ಕಾಲ್ಬೆರಳು ಹಿಂದಕ್ಕೆ ಮಡಚಿ, ನೆಲದ ಮೇಲಿನ ಚಪ್ಪಟೆ ಕಲ್ಲಿನ ಮೇಲೆ ಇನ್ನೊಂದು ಕಲ್ಲಿನಿಂದ ಕಾಳನ್ನು ಹಿಂದೆಮುಂದೆ ಉಜ್ಜುತ್ತಾ ದಿನಕ್ಕೆ ಗಂಟೆಗಟ್ಟಲೆ ಕಳೆದದ್ದರಿಂದ. ಗೋಧಿ ಹುಟ್ಟಿದ ಕಥೆ ಹೇಳುವಾಗ ಆ ಹೆಂಗಸರ ಬೆರಳುಗಳನ್ನು ಬಿಟ್ಟು ಹೇಳಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಬೇಸಾಯ ಬಂದ ಮೇಲೆ ಅನೇಕ ಕಡೆ ಜನರ ಎತ್ತರ ಕಡಿಮೆಯಾಯಿತು, ಹಲ್ಲು ಹುಳುಕಾಯಿತು, ದನಕರುಗಳ ಜೊತೆ ಒತ್ತೊತ್ತಾಗಿ ಬಾಳಿದ್ದರಿಂದ ರೋಗ ಹೆಚ್ಚಿದವು.

ಹಾಗಾದರೆ ಬಿಟ್ಟು ವಾಪಸ್ ಹೋಗಬಹುದಿತ್ತಲ್ಲ? ಅಲೆಯುವ ತಾಯಿ ಎರಡು ಕೂಸುಗಳನ್ನು ಹೊತ್ತು ನಡೆಯಲಾರಳು. ಅಂಥವರಲ್ಲಿ ಎರಡು ಹೆರಿಗೆಗಳ ನಡುವೆ ನಾಲ್ಕು ವರ್ಷದ ಹತ್ತಿರ ಅಂತರ ಇರುವುದು ಈಚಿನ ಕಾಲದಲ್ಲೂ ಕಂಡಿದೆ. ಒಂದು ಕಡೆ ನೆಲೆ ನಿಂತು, ಮಗುವಿಗೆ ಗಂಜಿ ಕುಡಿಸಿ ಬೇಗ ಹಾಲು ಬಿಡಿಸುವವರಲ್ಲಿ ಆ ಅಂತರ ಅರ್ಧಕ್ಕೆ ಇಳಿಯುತ್ತದೆ. ಮಕ್ಕಳು ಜಾಸ್ತಿ, ಸಾಯುವವರೂ ಜಾಸ್ತಿ, ಆದರೂ ಒಟ್ಟು ತಲೆ ಏರುತ್ತಾ ಹೋಯಿತು. ಸುತ್ತಲಿನ ಕಾಡು ಅಷ್ಟು ಹೊಟ್ಟೆಗೆ ಸಾಕಾಗುವುದಿಲ್ಲ. ಹೊಲ ಬಿಟ್ಟು ಹೋಗುವ ದಾರಿ ಮುಚ್ಚಿತು.

ಹಳ್ಳಿ ಬಂದ ಮೇಲೂ ಪಟ್ಟಣ ತಕ್ಷಣ ಬರಲಿಲ್ಲ. ನಡುವೆ ನಾಲ್ಕೈದು ಸಾವಿರ ವರ್ಷ ಇದೆ. ಜೆರಿಕೋದಲ್ಲಿ ಕ್ರಿ.ಪೂ. 8000ದ ಹೊತ್ತಿಗೇ ಎಂಟು ಮೀಟರ್ ಎತ್ತರದ ಕಲ್ಲಿನ ಗೋಪುರ ಇತ್ತು. ಟರ್ಕಿಯ ಚಾತಲ್‌ಹೊಯುಕ್‌ನಲ್ಲಿ ಕೆಲವು ಸಾವಿರ ಜನ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಬಾಳಿದರು. ಬೀದಿಯೇ ಇಲ್ಲ, ಮಾಳಿಗೆಯಿಂದ ಏಣಿ ಇಳಿದು ಮನೆಯೊಳಗೆ ಹೋಗಬೇಕು. ಸತ್ತ ಹಿರಿಯರನ್ನು ಮಲಗುವ ಜಗಲಿಯ ಕೆಳಗೇ ಹೂಳುತ್ತಿದ್ದರು. ಅರಮನೆ ಇಲ್ಲ, ಎದ್ದು ಕಾಣುವ ಶ್ರೀಮಂತರ ಮನೆ ಇಲ್ಲ. ಒಂದು ಸಾವಿರ ವರ್ಷ ಹೀಗೆ ಬಾಳಿದರು. ರಾಜನಿಲ್ಲದೆ ಜನ ಒಟ್ಟಿಗೆ ಇರಲಾರರು ಅನ್ನುವವರು ಈ ಊರನ್ನು ನೋಡಬೇಕು.

ಪಟ್ಟಣ ಅಂತ ಕರೆಯಬಹುದಾದದ್ದು ಮೊದಲು ಎದ್ದದ್ದು ಈಗಿನ ಇರಾಕಿನ ದಕ್ಷಿಣದಲ್ಲಿ, ಸುಮೇರ್ ಸೀಮೆಯ ಉರುಕ್. ಕ್ರಿ.ಪೂ. 3100ರ ಹೊತ್ತಿಗೆ ಅದು ಸುಮಾರು 250 ಹೆಕ್ಟೇರ್ ಹರಡಿತ್ತು, ಹತ್ತಾರು ಸಾವಿರ ಜನ ಇದ್ದರು. ಆ ಸೀಮೆಯಲ್ಲಿ ಕಲ್ಲಿಲ್ಲ, ಒಳ್ಳೆಯ ಮರ ಇಲ್ಲ, ತಾಮ್ರ ಇಲ್ಲ, ಮಳೆ ನೆಚ್ಚಿ ಬೆಳೆ ತೆಗೆಯುವ ಹಾಗೂ ಇಲ್ಲ. ಇದ್ದದ್ದು ಹೊಳೆಯ ನೀರು, ಹೂಳು ಮಣ್ಣು. ಕಾಲುವೆ ತೋಡಿದರೆ ಆ ಮಣ್ಣು ಜವೆಗೋಧಿಯನ್ನು ರಾಶಿ ರಾಶಿ ಕೊಡುತ್ತಿತ್ತು. ಉಳಿದದ್ದೆಲ್ಲ ಹೊರಗಿನಿಂದ ತರಬೇಕು, ಅದಕ್ಕೆ ಬದಲಾಗಿ ಬಟ್ಟೆ, ಕಾಳು ಕೊಡಬೇಕು. ಕಾಲುವೆಗೆ ಜನ ಬೇಕು, ಜನಕ್ಕೆ ಕೂಲಿ ಬೇಕು, ಕೂಲಿಗೆ ಲೆಕ್ಕ ಬೇಕು.

ಉರುಕ್ ಕಾಲದ ಊರುಗಳನ್ನು ಅಗೆದರೆ ರಾಶಿಗಟ್ಟಲೆ ಸಿಗುವುದು ಒಂದು ಒರಟು ಮಣ್ಣಿನ ಬಟ್ಟಲು. ಅಂಚು ಓರೆಯಾಗಿ ಕೊಯ್ದಂತೆ ಇರುತ್ತದೆ, ಬಣ್ಣ ಇಲ್ಲ, ಚಂದ ಇಲ್ಲ. ಹುಲ್ಲು ಬೆರೆಸಿದ ಮಣ್ಣನ್ನು ಅಚ್ಚಿಗೆ ಒತ್ತಿ ಮಾಡಿದ್ದು, ಕೆಲವದರಲ್ಲಿ ಒತ್ತಿದವರ ಬೆರಳಿನ ಗುರುತು ಹಾಗೇ ಉಳಿದಿದೆ. ಹಿಡಿಯುವುದು ಲೀಟರಿಗಿಂತ ಸ್ವಲ್ಪ ಕಡಿಮೆ. ದಿನಗೂಲಿಯ ಕಾಳು ಅಳೆದು ಕೊಡುವ ಬಟ್ಟಲು ಅಂತ ಬಹಳ ಜನ ವಿದ್ವಾಂಸರ ಅಭಿಪ್ರಾಯ, ರೊಟ್ಟಿ ಬೇಯಿಸುವ ಅಚ್ಚು ಅನ್ನುವವರೂ ಇದ್ದಾರೆ. ನನ್ನ ಒಲವು ಮೊದಲನೆಯದರ ಕಡೆಗೆ. ಯಾಕೆಂದರೆ ಅದೇ ಊರಿನಲ್ಲಿ ಹುಟ್ಟಿದ ಲಿಪಿಯಲ್ಲಿ ಆಹಾರ, ಪಡಿ ಅನ್ನುವ ಮಾತಿಗೆ ಬರೆಯುವ ಗುರುತು ಈ ಬಟ್ಟಲಿನ ಚಿತ್ರವೇ. ಒಂದು ತಲೆ, ಅದರ ಬಾಯಿಯ ಹತ್ತಿರ ಈ ಬಟ್ಟಲು ಬರೆದರೆ "ಉಣ್ಣು" ಅಂತ.

ಹೌದು, ಲಿಪಿ ಹುಟ್ಟಿದ್ದು ಇಲ್ಲಿಯೇ, ಕ್ರಿ.ಪೂ. 3300–3200ರ ಸುಮಾರಿಗೆ. ಹುಟ್ಟಿದ್ದು ಲೆಕ್ಕ ಇಡುವುದಕ್ಕೆ. ಉರುಕ್‌ನಲ್ಲಿ ಸಿಕ್ಕ ಆ ಮೊದಲ ಕಾಲದ ಸುಮಾರು 5,000 ಮಣ್ಣಿನ ಹಲಗೆಗಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಜಾಸ್ತಿ ಲೆಕ್ಕದವು. ಇಷ್ಟು ಕುರಿ ಬಂತು, ಇಷ್ಟು ಜವೆಗೋಧಿ ಹೋಯಿತು, ಇಷ್ಟು ಬಿಯರ್ ಹಂಚಿತು. ಒಂದು ಹಲಗೆಯಲ್ಲಿ 29,086 ಅಳತೆ ಜವೆಗೋಧಿ, 37 ತಿಂಗಳು, ಕೊನೆಗೆ "ಕುಶಿಮ್" ಅಂತ ಇದೆ. ಕುಶಿಮ್ ಒಬ್ಬ ಮನುಷ್ಯನ ಹೆಸರೋ, ಉಗ್ರಾಣದ ಹುದ್ದೆಯ ಹೆಸರೋ, ಎರಡೂ ಇರಬಹುದು. ಮನುಷ್ಯನ ಹೆಸರಾದರೆ, ಬರಹದಲ್ಲಿ ಉಳಿದ ಅತ್ಯಂತ ಹಳೆಯ ಹೆಸರುಗಳಲ್ಲಿ ಒಂದು ರಾಜನದಲ್ಲ, ಕವಿಯದಲ್ಲ, ಒಬ್ಬ ಲೆಕ್ಕ ಬರೆಯುವವನದು. ನಮ್ಮ ಗಂಟೆಗೆ 60 ನಿಮಿಷ ಬಂದದ್ದೂ ಅರವತ್ತರ ಲೆಕ್ಕದಲ್ಲಿ ಎಣಿಸುತ್ತಿದ್ದ ಆ ಸೀಮೆಯಿಂದಲೇ. ಹಾಡು, ಸ್ತುತಿಗಳನ್ನು ಬರೆಯಲು ಅದೇ ಲಿಪಿ ಬಳಸುವಷ್ಟರಲ್ಲಿ ನೂರಾರು ವರ್ಷ ಕಳೆದಿತ್ತು. ತನ್ನ ಹೆಸರು ಹೇಳಿಕೊಂಡ ಮೊದಲ ಕವಿ ಅಂತ ನಮಗೆ ಗೊತ್ತಿರುವುದು ಎನ್ಹೆದುಅನ್ನಾ, ಕ್ರಿ.ಪೂ. 2300ರ ಸುಮಾರಿನ ಒಬ್ಬ ಹೆಂಗಸು, ಉರ್ ಪಟ್ಟಣದ ಚಂದ್ರದೇವರ ಗುಡಿಯ ಪೂಜಾರಿಣಿ. ಈ ಹೆಸರನ್ನು ನಿಮ್ಮ ಮಗಳು ನೆನಪಿಟ್ಟುಕೊಳ್ಳಲಿ.

ಯಾಕೆ ಕಾಳೇ ಬೇಕಾಯಿತು, ಗೆಡ್ಡೆ ಗೆಣಸು ಸಾಲದೇ ಅಂತ ಕೇಳಬಹುದು. ಗೆಣಸು ನೆಲದೊಳಗೆ ಇರುತ್ತದೆ, ಬೇಕಾದಾಗ ಕಿತ್ತುಕೊಳ್ಳಬಹುದು, ಯಾರಿಗೂ ಕಾಣುವುದಿಲ್ಲ. ಕಾಳು ಹಾಗಲ್ಲ. ಹೊಲವೆಲ್ಲ ಒಂದೇ ಹೊತ್ತಿಗೆ ಹಣ್ಣಾಗುತ್ತದೆ, ಕಣದಲ್ಲಿ ರಾಶಿ ಬೀಳುತ್ತದೆ, ಅಳೆಯಬಹುದು, ಸಾಗಿಸಬಹುದು, ವರ್ಷಗಟ್ಟಲೆ ಇಡಬಹುದು. ಕಂದಾಯ ವಸೂಲಿಗೆ ಬರುವವನಿಗೆ ಇದಕ್ಕಿಂತ ಅನುಕೂಲ ಬೇರೆ ಏನು? ರಾಶಿ ಪೂಜೆಯ ದಿನವೇ ಗೌಡ, ಶಾನುಭೋಗರು ಕಣದ ಹತ್ತಿರ ಬರುತ್ತಿದ್ದ ಕಥೆ ನಮ್ಮ ಹಳ್ಳಿಗಳಲ್ಲೂ ಇದೆಯಲ್ಲ.

ಈ ವಾದಕ್ಕೆ ಒಂದು ಅಪವಾದವನ್ನೂ ನಾನೇ ಹೇಳಿಬಿಡುತ್ತೇನೆ. ಪೆರು ದೇಶದ ಕರಾಲ್. ಕ್ರಿ.ಪೂ. 2600ರ ಸುಮಾರಿಗೆ ಅಲ್ಲಿ ದೊಡ್ಡ ದೊಡ್ಡ ಕಟ್ಟಡ ಎದ್ದಿದ್ದವು, ಆದರೆ ಮಡಕೆಯೇ ಇರಲಿಲ್ಲ, ಕಾಳಿನ ಪಾತ್ರವೂ ಕಡಿಮೆ. ಅವರು ಹತ್ತಿ ಬೆಳೆದು, ಅದರ ಬಲೆ ನೇಯ್ದು, ಕಡಲ ದಂಡೆಯವರಿಂದ ಒಣಗಿಸಿದ ಸಣ್ಣ ಮೀನು ತರಿಸುತ್ತಿದ್ದರು. ಒಣಮೀನೂ ಕೂಡಿಡಬಹುದಾದದ್ದೇ ಅಲ್ವಾ? ಅದಕ್ಕೇ ಮೊದಲಿಗೆ ಕೂಡಿಡಬಹುದಾದ ಆಹಾರ ಅಂತ ಹೇಳಿದ್ದು. ಚೀನಾದ ಲಿಯಾಂಗ್‌ಝುನಲ್ಲಿ ಭತ್ತ, ಅಲ್ಲಿ ಒಡ್ಡುಗಳೂ ಸುಟ್ಟು ಕರಕಲಾದ ಅಕ್ಕಿಯ ರಾಶಿಯೂ ಸಿಕ್ಕಿವೆ. ಮೆಕ್ಸಿಕೊದಲ್ಲಿ ಮುಸುಕಿನ ಜೋಳ. ಇವರಲ್ಲಿ ಬಹಳ ಜನಕ್ಕೆ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿರಲಿಲ್ಲ. ಆದರೂ ಹವೆ ನಿಂತ ಮೇಲೆ, ಕೆಲವೇ ಸಾವಿರ ವರ್ಷಗಳ ಒಳಗೆ, ಬೇರೆ ಬೇರೆ ಕಡೆ ಹೆಚ್ಚುಕಡಿಮೆ ಒಂದೇ ತರಹದ ಕೆಲಸ ಶುರು ಮಾಡಿದರು. ಬುದ್ಧಿ ಎಲ್ಲ ಕಡೆ ಸಮನಾಗಿತ್ತು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಿಂಧೂ ಬಯಲಿನ ಬಗ್ಗೆ ಪಾಠದಲ್ಲಿ ಇದ್ದೇ ಇರುತ್ತದೆ, ಹಾಗಾಗಿ ಎರಡೇ ಮಾತು. ಮೊಹೆಂಜೊದಾರೊದಿಂದ ಗುಜರಾತಿನ ಲೋಥಲ್ ತನಕ ನೂರಾರು ಕಿಲೋಮೀಟರ್ ಉದ್ದಕ್ಕೂ ತೂಕದ ಕಲ್ಲುಗಳು ಒಂದೇ ಅಳತೆಯವು. ಒಂದು, ಎರಡು, ನಾಲ್ಕು, ಎಂಟು, ಹದಿನಾರು ಅಂತ ದುಪ್ಪಟ್ಟಾಗುತ್ತಾ ಹೋಗುತ್ತವೆ, ಹದಿನಾರು ಪಾಲಿನ ಕಲ್ಲು ಸುಮಾರು 13.7 ಗ್ರಾಂ. ತೂಕದಲ್ಲಿ ಮೋಸ ಆಗಬಾರದು ಅಂತ ಅಷ್ಟು ದೊಡ್ಡ ಸೀಮೆ ಒಪ್ಪಿಕೊಂಡಿತ್ತು, ಆದರೆ ರಾಜನ ದೊಡ್ಡ ವಿಗ್ರಹ ಒಂದೂ ಸಿಕ್ಕಿಲ್ಲ. ಇನ್ನೊಂದು, ಮೆಸೊಪೊಟೇಮಿಯದ ಒಂದು ಮುದ್ರೆಯಲ್ಲಿ ಶು-ಇಲಿಶು ಎಂಬವನನ್ನು ಮೆಲುಹ್ಹ ಭಾಷೆಯ ದುಭಾಷಿ ಅಂತ ಬರೆದಿದೆ. ಮೆಲುಹ್ಹ ಅಂದರೆ ಸಿಂಧೂ ಸೀಮೆ ಅಂತ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ನಾಲ್ಕು ಸಾವಿರ ವರ್ಷದ ಹಿಂದೆ ನಮ್ಮ ಕಡೆಯ ವ್ಯಾಪಾರಿ ಮಾತಾಡಿದ್ದನ್ನು ಅಲ್ಲಿಯವರಿಗೆ ತಿರುಗಿಸಿ ಹೇಳುವ ಕೆಲಸ ಅವನದು. ಸಿಂಧೂ ಲಿಪಿಯನ್ನು ನಾವಿನ್ನೂ ಓದಲಾಗಿಲ್ಲ, ಅವನಿಗೆ ಮಾತ್ರ ಆ ಭಾಷೆ ಬರುತ್ತಿತ್ತು.

ಆಗ ಕರ್ನಾಟಕದಲ್ಲಿ ಏನಿತ್ತು ಅಂತ ನೀವು ಕೇಳಿಲ್ಲ. ಆದರೂ ಹೇಳದೆ ಬಿಡಲು ಮನಸ್ಸಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲಿನ ಆಯುಧಗಳ ಕಾರ್ಖಾನೆಯೇ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಲ್ಲಿ ಅಗೆದರು. ಅದನ್ನು ಮಾಡಿದವರು ನಮ್ಮ ಜೀವಪ್ರಭೇದದ ಮನುಷ್ಯರಲ್ಲ, ನಮಗಿಂತ ಹಿಂದಿನ ಮಾನವರು. ಆಮೇಲೆ, ಅತ್ತ ಹರಪ್ಪದ ಪಟ್ಟಣಗಳು ಏಳುವ ಹೊತ್ತಿಗೆ, ಇತ್ತ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ದನ ಕಾಯುವವರು ಊರು ಕಟ್ಟಿದ್ದರು. ಸಗಣಿಯನ್ನು ಗುಡ್ಡೆ ಹಾಕಿ ಸುಡುತ್ತಿದ್ದರು. ಎಷ್ಟು ಕಾವಿನಲ್ಲಿ ಅಂದರೆ ಬೂದಿ ಕೆಲವು ಕಡೆ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಆ ಬೂದಿದಿಬ್ಬಗಳು ಇವತ್ತಿಗೂ ನಿಂತಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅಂತಲೇ ನಂಬಿಕೊಂಡು ಬಂದಿದ್ದಾರೆ. ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಳ ಗೊರಸಿನ ಗುರುತು ನೆಲದಲ್ಲಿ ಹಾಗೇ ಒತ್ತಿಕೊಂಡಿತ್ತು.

ಅವರು ಮುಖ್ಯವಾಗಿ ಬೆಳೆದದ್ದು ಗೋಧಿ ಅಲ್ಲ. ಹುರುಳಿ, ಹೆಸರು, ಕೊರಲೆ. ಮೂರೂ ನಮ್ಮ ನಾಡಿನ ಮಳೆ ಮಣ್ಣಿಗೆ ಒಗ್ಗಿದ ಕಾಳುಗಳು. ರಾಗಿ ಆಮೇಲೆ ಆಫ್ರಿಕಾದಿಂದ ಬಂದದ್ದು. ಅಲ್ಲಿ ದೊಡ್ಡ ಪಟ್ಟಣ ಏಳಲಿಲ್ಲ, ಲಿಪಿ ಹುಟ್ಟಲಿಲ್ಲ. ಹಾಗಂತ ಅವರು ಹಿಂದುಳಿದವರು ಅಂತ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಒಣ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ದನ ಹೊಡೆದುಕೊಂಡು ಬೇರೆ ಕಡೆ ಹೋಗಬಹುದು, ಮಳೆ ಬಂದ ವರ್ಷ ಹುರುಳಿ ಚೆಲ್ಲಬಹುದು. ಎರಡು ಕಾಲಿನ ಮೇಲೆ ನಿಂತ ಬದುಕು ಅದು. ಸಾವಿರ ವರ್ಷಕ್ಕೂ ಜಾಸ್ತಿ ನಡೆಯಿತು. ಅವರು ಆರಿಸಿಕೊಟ್ಟ ಹುರುಳಿಯ ಸಾರನ್ನು ನಾವು ಈ ವಾರವೂ ಉಂಡಿರುತ್ತೇವೆ.

ರಜೆಯಲ್ಲಿ ಬಿಡುವಾದರೆ ಮಗಳನ್ನು ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಿಗೆ ಕರೆದುಕೊಂಡು ಹೋಗಿ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯ ಇದೆ, ಮೊದಲು ಅದನ್ನು ನೋಡಿ, ಅಲ್ಲಿ ಕೇಳಿಕೊಂಡು, ದಾರಿ ಗೊತ್ತಿರುವವರ ಜೊತೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಹತ್ತಿ. ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳ ಮೇಲೆ ಚಿತ್ರ ಇಲ್ಲ, ಬಟ್ಟಲಿನಂಥ ಗುಳಿಗಳಿವೆ. ಅವು ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಕೊಡುವ ಬಂಡೆಗಳು, ತಲೆತಲಾಂತರ ಬಡಿದು ಬಡಿದು ಆದ ಗುಳಿ ಅದು. ನೀವು ಬಡಿಯಬೇಡಿ, ಕಲ್ಲು ಸವೆಯುತ್ತದೆ. ಕಾಳು ಅರೆದು ಅರೆದು ನುಣ್ಣಗಾದ ತಗ್ಗುಗಳು ಅದೇ ಬೆಟ್ಟದಲ್ಲಿ ಬೇರೆ ಕಡೆ ಸಿಗುತ್ತವೆ. ಅದರೊಳಗೆ ಮಗಳು ಅಂಗೈ ಇಟ್ಟು ನೋಡಲಿ.